ಒಂದು ಸೇನಾ ಲಾರಿಯ ಜೀರ್ಣೋದ್ಧಾರ

ಜೀರ್ಣೋದ್ಧಾರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೇವಾಲಯ. ಸೋರುವ ಮಾಳಿಗೆಯನ್ನು ಸರಿಪಡಿಸುವುದು, ವಾಲಿದ ಕಂಬವನ್ನು ನೆಟ್ಟಗೆ ನಿಲ್ಲಿಸುವುದು, ಗಾರೆ ಉದುರಿದ ಗೋಪುರಕ್ಕೆ ಮತ್ತೆ ಗಾರೆ ಹಿಡಿಸುವುದು, ಇವೆಲ್ಲ ಪುಣ್ಯದ ಕೆಲಸಗಳೆಂದು ನಾವು ನಂಬಿದ್ದೇವೆ. ಆದರೆ ಇದೇ ಉತ್ಸಾಹದಲ್ಲಿ ಬಾಗಿಲ ಪಕ್ಕದ ಶಾಸನದ ಕಲ್ಲಿಗೂ ದಪ್ಪನಾಗಿ ಎಣ್ಣೆಬಣ್ಣ ಬಳಿದು, ಆರೇಳು ನೂರು ವರ್ಷಗಳ ಅಕ್ಷರಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಬಿಡುವುದನ್ನೂ ಬಲ್ಲೆವು. ಉದ್ಧಾರಕ್ಕೂ ನಾಶಕ್ಕೂ ನಡುವಿನ ಗೆರೆ ಬಹಳ ತೆಳುವಾದುದು. ತರಗತಿಯಲ್ಲಿ ಚರಿತ್ರೆಯ ಆಧಾರಗಳ ಪಾಠ ಬಂದಾಗಲೆಲ್ಲ ನಾನು ಈ ಮಾತನ್ನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಇಂದು ಅದೇ ಮಾತನ್ನು ಒಂದು ಲಾರಿಯ ನೆಪದಲ್ಲಿ ಮುಂದುವರಿಸುತ್ತೇನೆ. ಅಮೆರಿಕದಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಜಾದಿನಗಳಲ್ಲಿ ನಾಲ್ಕಾರು ಗೆಳೆಯರೊಡನೆ ಸೇರಿ ಎರಡನೆಯ ಮಹಾಯುದ್ಧದ ಕಾಲದ ಸೇನಾ ಲಾರಿಯೊಂದನ್ನು ಮತ್ತೆ ಓಡುವಂತೆ ಮಾಡುವ ಕೆಲಸದಲ್ಲಿ ತೊಡಗಿದ್ದಾನೆ. ಅವನು ಆಗಾಗ ಕಳುಹಿಸುವ ಚಿತ್ರಗಳನ್ನೂ ವಿವರಗಳನ್ನೂ ನೋಡುತ್ತ, ಅದಕ್ಕೆ ಸಂಬಂಧಿಸಿದ ಪುಸ್ತಕಗಳನ್ನು ಓದುತ್ತ ಹೋದ ಹಾಗೆ ನನಗೊಂದು ಸಂಗತಿ ಸ್ಪಷ್ಟವಾಯಿತು: ಯಂತ್ರವೂ ಒಂದು ದಾಖಲೆಯೇ. ಓದಲು ಬಲ್ಲವನಿಗೆ ಅದು ತಾಮ್ರಪಟದಷ್ಟೇ ನೇರವಾಗಿ ಮಾತನಾಡುತ್ತದೆ.

ಯಾವುದು ಈ ಲಾರಿ?

ಇದರ ಹೆಸರು ಜಿಎಂಸಿ ಸಿಸಿಕೆಡಬ್ಲ್ಯು. ನಾಲಗೆ ತೊಡರುವ ಈ ಹೆಸರಿನ ಒಂದೊಂದು ಅಕ್ಷರಕ್ಕೂ ಅರ್ಥವಿದೆ. ಮೊದಲ ‘ಸಿ’ 1941ರ ವಿನ್ಯಾಸವೆಂಬುದರ ಸಂಕೇತ. ಎರಡನೆಯ ‘ಸಿ’ ಎಂದರೆ ಎಂಜಿನ್ನಿನ ಹಿಂದೆ ಚಾಲಕನ ಕೋಣೆಯಿರುವ ಸಾಂಪ್ರದಾಯಿಕ ರಚನೆ. ‘ಕೆ’ ಎಂದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ತಲುಪುತ್ತದೆ. ‘ಡಬ್ಲ್ಯು’ ಎಂದರೆ ಹಿಂದೆ ಎರಡು ಆಕ್ಸಲ್‌ಗಳಿದ್ದು ಎರಡೂ ತಿರುಗುತ್ತವೆ. ಒಟ್ಟಿನಲ್ಲಿ ಮೂರು ಆಕ್ಸಲ್‌ಗಳೂ ಎಳೆಯುವ ಲಾರಿ. ಕಚ್ಚಾ ನೆಲದ ಮೇಲೆ ಎರಡೂವರೆ ಟನ್ ಹೊರೆ ಅದಕ್ಕೆ ಗೊತ್ತುಪಡಿಸಿದ ಮಿತಿ. ಸೈನಿಕರು ಅದನ್ನು ಪ್ರೀತಿಯಿಂದ ‘ಜಿಮ್ಮಿ’ ಎನ್ನುತ್ತಿದ್ದರು.

1941ರಿಂದ 1945ರವರೆಗೆ ಇಂತಹ ಲಾರಿಗಳು ಸುಮಾರು 5,62,000 ತಯಾರಾದವು. ಮುಖ್ಯ ಕಾರ್ಖಾನೆ ಮಿಷಿಗನ್ ರಾಜ್ಯದ ಪಾಂಟಿಯಾಕ್ ಪಟ್ಟಣದಲ್ಲಿತ್ತು. ಸೇಂಟ್ ಲೂಯಿಸ್‌ನ ಷೆವರ್ಲೆ ಕಾರ್ಖಾನೆಯೂ ಕೈಜೋಡಿಸಿತು. ನೀರಿನಲ್ಲಿಯೂ ನೆಲದಲ್ಲಿಯೂ ಚಲಿಸುವ ‘ಡಕ್’ ಎಂಬ ವಾಹನವೂ ಇದೇ ಲಾರಿಯ ಅಸ್ಥಿಪಂಜರದ ಮೇಲೆ ರೂಪುಗೊಂಡಿತು. ಯುದ್ಧ ಮುಗಿದ ಮೇಲೆ ಜನರಲ್ ಐಸೆನ್‌ಹೋವರ್ ಅವರು ಯುರೋಪಿನ ವಿಜಯಕ್ಕೆ ನೆರವಾದ ಅತಿಮುಖ್ಯ ಸಾಧನಗಳನ್ನು ಪಟ್ಟಿ ಮಾಡುವಾಗ ಬುಲ್‌ಡೋಜರ್, ಜೀಪು, ಸಿ-47 ವಿಮಾನಗಳ ಜೊತೆಗೆ ಈ ಎರಡೂವರೆ ಟನ್ನಿನ ಲಾರಿಯನ್ನೂ ಹೆಸರಿಸಿದರು. ಈ ನಾಲ್ಕರಲ್ಲಿ ಒಂದೂ ಗುಂಡು ಹಾರಿಸುವ ಆಯುಧವಲ್ಲ ಎಂಬುದನ್ನು ಗಮನಿಸಬೇಕು.

ಎಂಜಿನ್

ದಶಕಗಳ ಕಾಲ ಕೊಟ್ಟಿಗೆಯಲ್ಲಿಯೋ ಬಯಲಿನಲ್ಲಿಯೋ ನಿಂತ ಎಂಜಿನ್ ಸಾಮಾನ್ಯವಾಗಿ ಕಚ್ಚಿಕೊಂಡಿರುತ್ತದೆ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡು ತಿರುಗಣೆ ಅಲುಗುವುದೇ ಇಲ್ಲ. ಅವಸರಪಟ್ಟವರು ಲಾರಿಯನ್ನು ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಸುತ್ತಾರೆ. ಉಂಗುರ ಮುರಿಯುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಸೀಳುತ್ತದೆ. ಬಲ್ಲವರ ಕ್ರಮವೇ ಬೇರೆ. ಆರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳ ಮೂಲಕ ತೆಳುವಾದ ಎಣ್ಣೆಯನ್ನು ಹನಿಸಿ, ದಿನಗಟ್ಟಲೆ, ಬೇಕಾದರೆ ವಾರಗಟ್ಟಲೆ ಕಾಯುತ್ತಾರೆ. ಅನಂತರ ಕೈಯಿಂದಲೇ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತಾರೆ. ಒಂದು ಕೂದಲೆಳೆಯಷ್ಟು ಅಲುಗಿದರೂ ಅಂದಿನ ಕೆಲಸ ಮುಗಿದಂತೆ. ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ.

ಈ ಲಾರಿಯ ಎಂಜಿನ್ ಸಾಲಾಗಿ ನಿಂತ ಆರು ಸಿಲಿಂಡರುಗಳದು. ಒಟ್ಟು ಗಾತ್ರ 269.5 ಘನ ಅಂಗುಲ, ಅಂದರೆ ಸುಮಾರು 4.4 ಲೀಟರ್. ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿವೆ. ನಿಮಿಷಕ್ಕೆ 2,750 ಸುತ್ತುಗಳಲ್ಲಿ ದೊರೆಯುತ್ತಿದ್ದ ಶಕ್ತಿ ಸುಮಾರು 90 ಅಶ್ವಶಕ್ತಿ ಮಾತ್ರ. ಇಂದಿನ ಸಾಧಾರಣ ಕಾರಿಗೂ ಇಷ್ಟು ಶಕ್ತಿ ಇರುತ್ತದೆ. ಇಂಧನವು ಸಿಲಿಂಡರುಗಳಲ್ಲಿ ಹೊತ್ತಿಕೊಳ್ಳುವ ಕ್ರಮ 1-5-3-6-2-4. ಪಕ್ಕಪಕ್ಕದ ಸಿಲಿಂಡರುಗಳು ಒಂದರ ಬೆನ್ನಿಗೊಂದು ಸಿಡಿದರೆ ತಿರುಗಣೆಯ ಒಂದೇ ಭಾಗದ ಮೇಲೆ ಹೊಡೆತ ಬೀಳುವುದರಿಂದ ಸರದಿಯನ್ನು ಹೀಗೆ ಹಂಚಿದ್ದಾರೆ. ತಂತಿಗಳನ್ನು ಜೋಡಿಸುವಾಗ ಈ ಸರದಿ ತಪ್ಪಿದರೆ ಎಂಜಿನ್ ಕೆಮ್ಮುತ್ತದೆಯೇ ಹೊರತು ಓಡುವುದಿಲ್ಲ.

ಎಂಜಿನ್ ಬಿಡಿಸಿದ ಮೇಲೆ ಮೂರು ಕಡೆ ಎಚ್ಚರಿಕೆಯಿಂದ ನೋಡಬೇಕು. ಮೊದಲನೆಯದು ನೀರು ಹರಿಯುವ ಒಳದಾರಿ. ಚಳಿದೇಶಗಳಲ್ಲಿ ನೀರು ಹಾಗೆಯೇ ಉಳಿದರೆ ಹೆಪ್ಪುಗಟ್ಟಿ ಹಿಗ್ಗಿ ಎರಕದ ಕಬ್ಬಿಣವನ್ನು ಸೀಳಿಬಿಡುತ್ತದೆ. ಎರಡನೆಯದು ಸಿಲಿಂಡರಿನ ಸವೆತ. ಮೇಲ್ಭಾಗದಲ್ಲಿ ಹೆಚ್ಚು, ಕೆಳಭಾಗದಲ್ಲಿ ಕಡಿಮೆ ಸವೆದಿರುತ್ತದೆ. ಮೂರನೆಯದು ತಿರುಗಣೆಯ ಬೇರಿಂಗುಗಳು. ಇವುಗಳನ್ನು ಅಳೆದು ಬರೆದಿಟ್ಟ ಮೇಲೆಯೇ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ತೀರ್ಮಾನ.

ವಿದ್ಯುತ್ತಿನ ವಿಷಯದಲ್ಲಿ ಒಂದು ಚಿಕ್ಕ ಭೌತಶಾಸ್ತ್ರದ ಪಾಠವೂ ಇದೆ. ಈ ಲಾರಿಯ ಬ್ಯಾಟರಿ 6 ವೋಲ್ಟಿನದು. ವೋಲ್ಟೇಜು ಅರ್ಧವಾದರೆ ಅಷ್ಟೇ ಶಕ್ತಿಗೆ ಎರಡರಷ್ಟು ವಿದ್ಯುತ್ ಪ್ರವಾಹ ಬೇಕು. 12 ವೋಲ್ಟಿನ ವಾಹನಕ್ಕೆ ಸಾಲುವ ತೆಳುವಾದ ತಂತಿಯನ್ನು ಇಲ್ಲಿ ಹಾಕಿದರೆ ತಂತಿ ಬಿಸಿಯಾಗಿ, ಸ್ಟಾರ್ಟರ್ ನರಳುತ್ತ ತಿರುಗುತ್ತದೆ. ‘ಸಾರ್, ಬ್ಯಾಟರಿ ಸತ್ತಿದೆ ಎಂದುಕೊಂಡಿದ್ದೆವು, ಸತ್ತದ್ದು ತಂತಿ’ ಎಂದು ನನ್ನ ಶಿಷ್ಯನು ಬರೆದಿದ್ದನು. ಬ್ಯಾಟರಿ ಕೈಕೊಟ್ಟರೆ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ಎಂಜಿನ್ ತಿರುಗಿಸುವ ವ್ಯವಸ್ಥೆಯೂ ಇದೆ. ನಾನು ಬಾಲಕನಾಗಿದ್ದಾಗ ನಮ್ಮೂರಿಗೆ ಬರುತ್ತಿದ್ದ ಹಳೆಯ ಲಾರಿಗಳ ಕ್ಲೀನರುಗಳು ಬೆಳಗಿನ ಚಳಿಯಲ್ಲಿ ಇಂತಹದೇ ಹ್ಯಾಂಡಲ್ ಹೊಡೆದು ಬೆವರುತ್ತಿದ್ದುದನ್ನು ಕಂಡಿದ್ದೇನೆ. ಹಿಡಿಗೆ ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಎಂಜಿನ್ ಹಿಂದಕ್ಕೆ ಒದ್ದರೆ ಬೆರಳು ಮುರಿಯುತ್ತದೆ ಎಂಬುದು ಅವರು ಹುಡುಗರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ.

ಗೇರ್‌ಬಾಕ್ಸ್

ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಐದು ಗೇರುಗಳು, ಹಿಂದಕ್ಕೆ ಒಂದು. ನಾಲ್ಕನೆಯದು ನೇರ ಗೇರು. ಐದನೆಯದರಲ್ಲಿ ಎಂಜಿನ್ನಿಗಿಂತಲೂ ಹೊರಹೋಗುವ ದಂಡವೇ ವೇಗವಾಗಿ ತಿರುಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇಂಧನ ಉಳಿಸುವುದಕ್ಕೆ ಅದು. ಇದರ ಹಿಂದೆ ಇನ್ನೊಂದು ಪೆಟ್ಟಿಗೆಯಿದೆ. ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವುದು ಅದರ ಕೆಲಸ. ಅದರಲ್ಲಿಯೂ ಎರಡು ವೇಗಗಳು. ಹೀಗಾಗಿ ಚಾಲಕನ ಬಲಗೈ ಹಲವು ಸನ್ನೆಗೋಲುಗಳನ್ನು ಸಂಭಾಳಿಸಬೇಕಾಗಿತ್ತು.

ಹಳೆಯ ಗೇರ್ ಎಣ್ಣೆಯನ್ನು ಬಸಿಯುವಾಗ ಅದನ್ನು ಚೆಲ್ಲಿಬಿಡಬಾರದು. ತಟ್ಟೆಯಲ್ಲಿ ಹಿಡಿದು, ಅಯಸ್ಕಾಂತ ಆಡಿಸಿದರೆ ಉಕ್ಕಿನ ಚೂರುಗಳು ಅಂಟಿಕೊಳ್ಳುತ್ತವೆ. ಅಂಟದೆ ಹೊಳೆಯುವ ಹಳದಿ ಪುಡಿ ಹಿತ್ತಾಳೆ ಅಥವಾ ಕಂಚಿನದು. ಒಳಗೆ ಏನು ಸವೆದಿದೆ ಎಂಬುದನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಎಣ್ಣೆ ಹೇಳಿಬಿಡುತ್ತದೆ. ಹಲ್ಲುಗಳ ತುದಿ ಮುಕ್ಕಾಗಿದ್ದರೆ, ಗೇರನ್ನು ಬಲವಂತವಾಗಿ ತುರುಕಿದ ಕೈಗಳ ಗುರುತು ಅದು.

ಆ ಕಾಲದ ಲಾರಿ ಚಾಲಕರಿಗೆ ಕಲಿಸುತ್ತಿದ್ದ ಮುಖ್ಯ ವಿದ್ಯೆ ಎಂದರೆ ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಬಾರಿ ತುಳಿಯುವುದು. ಒಮ್ಮೆ ತುಳಿದು ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಕ್ಲಚ್ ಬಿಟ್ಟು, ಕೆಳಗಿನ ಗೇರಿಗೆ ಇಳಿಯುವುದಾದರೆ ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಬೇಕು. ಮತ್ತೆ ತುಳಿದು ಹೊಸ ಗೇರಿಗೆ ಹಾಕಬೇಕು. ಎರಡು ಹಲ್ಲುಗಾಲಿಗಳ ವೇಗ ಸಮವಾದ ಕ್ಷಣದಲ್ಲಿ ಅವು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಕಿವಿಯಿಂದಲೂ ಪಾದದಿಂದಲೂ ಕಲಿಯಬೇಕಾದ ಈ ವಿದ್ಯೆ ಕತ್ತಲಲ್ಲಿ, ಇಳಿಜಾರಿನಲ್ಲಿ, ನಿದ್ದೆಗೆಟ್ಟ ಕಣ್ಣುಗಳೊಡನೆ ಕೂಡಿಬರಬೇಕಾಗಿತ್ತು. ಗೇರ್‌ಬಾಕ್ಸನ್ನು ಕುರಿತು ಓದುತ್ತಿದ್ದ ನನ್ನ ಗಮನವು ಅದನ್ನು ನಡೆಸಿದವರ ಕಡೆಗೆ ಹರಿದದ್ದು ಇಲ್ಲಿಯೇ.

ನಡೆಸಿದವರು ಯಾರು?

1944ರ ಜೂನ್ 6ರಂದು ಮಿತ್ರಸೈನ್ಯಗಳು ನಾರ್ಮಂಡಿಯ ತೀರದಲ್ಲಿ ಇಳಿದದ್ದನ್ನು ನೀವೆಲ್ಲ ಓದಿದ್ದೀರಿ. ಜುಲೈ ಕೊನೆಯಲ್ಲಿ ಜರ್ಮನ್ ರಕ್ಷಣಾಪಂಕ್ತಿ ಮುರಿದ ಮೇಲೆ ಸೈನ್ಯವು ಎಣಿಸಿದ್ದಕ್ಕಿಂತ ಬಹಳ ಬೇಗ ಪೂರ್ವಕ್ಕೆ ನುಗ್ಗಿತು. ಆದರೆ ಮಿತ್ರರಾಷ್ಟ್ರಗಳ ಬಾಂಬುಗಳಿಂದಲೇ ಫ್ರಾನ್ಸಿನ ರೈಲುಮಾರ್ಗಗಳು ಛಿದ್ರವಾಗಿದ್ದವು. ಪೆಟ್ರೋಲು, ಮದ್ದುಗುಂಡು, ಆಹಾರ ಎಲ್ಲವೂ ತೀರದಲ್ಲಿ. ಸೈನ್ಯ ನೂರಾರು ಕಿಲೋಮೀಟರ್ ಮುಂದೆ. ಆಗ, 1944ರ ಆಗಸ್ಟ್ 25ರಂದು ಆರಂಭವಾದದ್ದು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿಗಳ ಸರಪಳಿ. ಅವಸರದ ಸರಕಿಗೆ ಅಮೆರಿಕದ ರೈಲ್ವೆಯವರು ಬಳಸುತ್ತಿದ್ದ ಮಾತಿನಿಂದ ಬಂದ ಹೆಸರು ಅದು. ತುಂಬಿದ ಲಾರಿಗಳು ಹೋಗಲು ಒಂದು ದಾರಿ, ಖಾಲಿ ಲಾರಿಗಳು ಮರಳಲು ಇನ್ನೊಂದು ದಾರಿ. ಎರಡರಲ್ಲಿಯೂ ನಾಗರಿಕ ವಾಹನಗಳಿಗೆ ಪ್ರವೇಶವಿಲ್ಲ. ಅತ್ಯಂತ ಬಿರುಸಿನ ದಿನಗಳಲ್ಲಿ 5,958 ವಾಹನಗಳು ಆ ದಾರಿಯಲ್ಲಿದ್ದವು. ನವೆಂಬರ್ 16ರಂದು ನಿಲ್ಲುವ ಹೊತ್ತಿಗೆ 4,12,193 ಟನ್ ಸರಕು ಸಾಗಿತ್ತು.

ನಿಯಮದ ಪ್ರಕಾರ ವೇಗ ಗಂಟೆಗೆ 25 ಮೈಲಿ ಮೀರಬಾರದು. ವೇಗವನ್ನು ತಡೆಯುವ ಗವರ್ನರ್ ಎಂಬ ಸಾಧನವೂ ಎಂಜಿನ್ನಿನಲ್ಲಿತ್ತು. ಚಾಲಕರು ಅದನ್ನು ಕಳಚಿಹಾಕಿ ಓಡಿಸುತ್ತಿದ್ದರು. ತಪಾಸಣೆ ಬಂದಾಗ ಮತ್ತೆ ತೊಡಿಸುತ್ತಿದ್ದರು. ಹೊರೆಯಂತೂ ಮಿತಿಯ ಎರಡರಷ್ಟಾಗುತ್ತಿತ್ತು. ಸೈನಿಕರು ದಾರಿಯಲ್ಲಿ ಎಸೆದ ತಗಡಿನ ಡಬ್ಬಿಗಳು ಟೈರುಗಳನ್ನು ಸೀಳುತ್ತಿದ್ದವು. ಈ ಚಾಲಕರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಆಫ್ರಿಕನ್-ಅಮೆರಿಕನ್ನರು. ಕಪ್ಪು ಜನರು ಯುದ್ಧರಂಗದಲ್ಲಿ ಹೋರಾಡಲು ತಕ್ಕವರಲ್ಲ ಎಂದು ಅಂದಿನ ಅಮೆರಿಕದ ಸೇನಾಡಳಿತ ನಂಬಿತ್ತು. ಅವರ ತುಕಡಿಗಳೇ ಬೇರೆ, ಅವರ ಊಟದ ಕೋಣೆಗಳೇ ಬೇರೆ. ಹೊರೆ ಹೊರುವ, ರಸ್ತೆ ಕಡಿಯುವ, ಲಾರಿ ನಡೆಸುವ ಕೆಲಸಗಳಿಗೆ ಅವರಲ್ಲಿ ಹೆಚ್ಚಿನವರನ್ನು ಹಚ್ಚಿದ್ದರು. ಪಂಕ್ತಿಭೇದವೆಂದರೇನೆಂದು ತಿಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ತಕ್ಕವರಲ್ಲ’ ಎನಿಸಿಕೊಂಡ ಕೈಗಳಲ್ಲಿಯೇ ಇಡೀ ಸೈನ್ಯದ ಅನ್ನವೂ ಮದ್ದೂ ಇದ್ದವು.

1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಅವರು ಸೇನೆಯಲ್ಲಿ ಸಮಾನ ಅವಕಾಶವನ್ನು ಘೋಷಿಸುವ ಆಜ್ಞೆ ಹೊರಡಿಸಿದರು. ಪ್ರತ್ಯೇಕ ತುಕಡಿಗಳು ಮರೆಯಾಗಲು ಇನ್ನೂ ಕೆಲವು ವರ್ಷಗಳೇ ಹಿಡಿದವು. 1952ರಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಹೆಸರಿನ ಚಲನಚಿತ್ರವೇ ಬಂದಿತು. ನಾಯಕನ ಪಾತ್ರ ಮಾತ್ರ ಬಿಳಿಯ ನಟನದು. ಮುಂದೆ ಜಗತ್ಪ್ರಸಿದ್ಧರಾದ ಸಿಡ್ನಿ ಪೊಯಿಟಿಯರ್ ಅವರಿಗೆ ಅದರಲ್ಲಿ ದೊರೆತದ್ದು ಪೋಷಕ ಪಾತ್ರ.

ನಮ್ಮ ಗಡಿಯಲ್ಲಿಯೂ

ಇದು ದೂರದ ಫ್ರಾನ್ಸಿನ ಕಥೆ ಮಾತ್ರವೆಂದು ತಿಳಿಯಬಾರದು. ಇದೇ ಮಾದರಿಯ ಲಾರಿಗಳು ನಮ್ಮ ಅಸ್ಸಾಮಿನಲ್ಲಿಯೂ ಓಡಿದವು. ಜಪಾನೀಯರು ಬರ್ಮಾವನ್ನು ಹಿಡಿದು ಚೀನಕ್ಕೆ ಸಾಮಗ್ರಿ ಹೋಗುವ ದಾರಿಯನ್ನು ಕಡಿದಾಗ, ಅಸ್ಸಾಮಿನ ಲೆಡೋ ಎಂಬ ಊರಿನಿಂದ ಬೆಟ್ಟಕಾಡುಗಳನ್ನು ಸೀಳಿ ಹೊಸ ರಸ್ತೆಯನ್ನು ಕಡಿಯಲಾಯಿತು. ಅದು ಪಾಂಗ್ಸೌ ಕಣಿವೆಯನ್ನು ದಾಟಿ, ಉತ್ತರ ಬರ್ಮಾದ ಮೂಲಕ ಹಾಯ್ದು, ಹಳೆಯ ಬರ್ಮಾ ರಸ್ತೆಯನ್ನು ಕೂಡಿ ಚೀನದ ಕುನ್ಮಿಂಗ್ ತಲುಪುತ್ತಿತ್ತು. ಒಟ್ಟು ಉದ್ದ ಸುಮಾರು 1,079 ಮೈಲಿ. ರಸ್ತೆಯ ಕೆಲಸದಲ್ಲಿದ್ದ ಸುಮಾರು 15,000 ಅಮೆರಿಕನ್ ಸೈನಿಕರಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿ ಆಫ್ರಿಕನ್-ಅಮೆರಿಕನ್ನರು. ಅವರೊಡನೆ ಭಾರತದ, ಬರ್ಮಾದ, ಚೀನದ ಸಾವಿರಾರು ಕೂಲಿಗಳು ದುಡಿದರು. ಮಳೆ, ಮಲೇರಿಯ, ಕುಸಿಯುವ ಗುಡ್ಡಗಳ ನಡುವೆ 1,100ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಅಲ್ಲಿ ನಮ್ಮ ಕೂಲಿಗಳೂ ಸತ್ತರು.

1945ರ ಜನವರಿ 12ರಂದು ಲೆಡೋವಿನಿಂದ ಹೊರಟ ಮೊದಲ ವಾಹನಸಾಲು ಫೆಬ್ರವರಿ 4ರಂದು ಕುನ್ಮಿಂಗ್ ಸೇರಿತು. ಅದೇ ಸಮಯದಲ್ಲಿ ಹಿಮಾಲಯದ ಪೂರ್ವದ ಚಾಚುಗಳ ಮೇಲಿಂದ ವಿಮಾನಗಳು ರಸ್ತೆಗಿಂತಲೂ ಹೆಚ್ಚು ಸರಕನ್ನು ಚೀನಕ್ಕೆ ಒಯ್ಯುತ್ತಿದ್ದವು. ಈ ಭಾಗದ ಯುದ್ಧಕ್ಕೂ ನಮ್ಮ ಬೆಂಗಳೂರಿಗೂ ನಂಟಿತ್ತು: ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ಕನ್ನಡನಾಡಿನ ಕೈಗಳೂ ಆ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿವೆ.

ಬಣ್ಣ

ಎಂಜಿನ್ ತಿರುಗಿತು, ಗೇರ್ ಕೂಡಿತು. ಉಳಿದದ್ದು ಬಣ್ಣ. ಸುಲಭದ ಕೆಲಸವೆಂದು ತೋರುವ ಇದೇ ಎಲ್ಲಕ್ಕಿಂತ ಕಷ್ಟದ್ದು.

ಅಮೆರಿಕದ ಸೇನೆಯ ಬಣ್ಣ ಹೊಳಪಿಲ್ಲದ ಮಾಸಲು ಹಸಿರು. ಕಪ್ಪಿಗೆ ಹಳದಿ ಮಣ್ಣಿನ ಬಣ್ಣ ಬೆರೆಸಿದರೆ ಇಂತಹ ಛಾಯೆ ಬರುತ್ತದೆ. ಹೊಳಪಿದ್ದರೆ ಬಿಸಿಲಿನಲ್ಲಿ ಮಿನುಗಿ ವಿಮಾನದ ಕಣ್ಣಿಗೆ ಬೀಳುತ್ತದೆಂದು ಹೊಳಪನ್ನು ತೆಗೆದಿದ್ದರು. ಅದರ ಮೇಲೆ ಬಿಳಿಯ ಐದು ಮೊನೆಯ ನಕ್ಷತ್ರ. ಬಾನೆಟ್ಟಿನ ಪಕ್ಕದಲ್ಲಿ ನೋಂದಣಿಯ ಸಂಖ್ಯೆ; ಈ ವರ್ಗದ ಲಾರಿಗಳ ಸಂಖ್ಯೆ 4ರಿಂದ ಆರಂಭವಾಗುತ್ತದೆ. ಬಂಪರಿನ ಮೇಲೆ ತುಕಡಿಯ ಗುರುತು.

ಯುದ್ಧ ಮುಗಿದ ಮೇಲೆ ಈ ಲಾರಿಗಳು ಹಲವು ಕೈಗಳನ್ನು ಕಂಡವು. ಫ್ರಾನ್ಸಿನ ಸೇನೆ ದಶಕಗಳ ಕಾಲ ಅವನ್ನು ಬಳಸಿತು. ಉಳಿದವು ರೈತರಿಗೆ, ಮರ ಕಡಿಯುವವರಿಗೆ, ಬೆಂಕಿ ಆರಿಸುವ ಪಡೆಗಳಿಗೆ ಹೋದವು. ಪ್ರತಿ ಒಡೆಯನೂ ಒಂದೊಂದು ಬಣ್ಣ ಬಳಿದನು. ಯಂತ್ರದಿಂದ ಒಮ್ಮೆಗೇ ಕೆರೆದರೆ ಎಲ್ಲ ಪದರಗಳೂ ಧೂಳಾಗಿ ಹೋಗುತ್ತವೆ. ಹಳೆಯ ಬಣ್ಣಗಳಲ್ಲಿ ಸೀಸವಿರುವುದರಿಂದ ಆ ಧೂಳು ಶ್ವಾಸಕೋಶಕ್ಕೂ ಕೇಡು. ಆದುದರಿಂದ ನೀರು ಚಿಮುಕಿಸಿ, ಸಣ್ಣ ಉಪ್ಪುಕಾಗದದಿಂದ, ಒಂದೊಂದೇ ಪದರವನ್ನು ಕೈಯಲ್ಲಿ ಉಜ್ಜಬೇಕು. ನನ್ನ ಶಿಷ್ಯನ ತಂಡದವರು ಕೆಂಪು, ಅದರ ಕೆಳಗೆ ಬೂದು, ಅದರ ಕೆಳಗೆ ಹಸಿರು ಎಂದು ಇಳಿದು ಹೋದಾಗ ಬಾನೆಟ್ಟಿನ ಮೇಲೆ ಮಸುಕಾದ ‘4’ ಕಾಣಿಸಿತಂತೆ. ಮುಂದಿನ ಅಂಕಿಗಳಲ್ಲಿ ಎರಡು ದೊರೆತವು, ಉಳಿದವು ಅಳಿಸಿಹೋಗಿದ್ದವು. ಬಂಪರಿನ ಮೇಲೆ ಏನೂ ಉಳಿದಿರಲಿಲ್ಲ.

ಆಗ ತಂಡದಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಕೆಲವರು, ಎಲ್ಲವನ್ನೂ ಹೊಸದಾಗಿ ಬಳಿದು, ಬಂಪರಿಗೆ ಹೆಸರಾಂತ ಯುದ್ಧ ಡಿವಿಷನ್ ಒಂದರ ಗುರುತು ಹಾಕೋಣ, ಮೆರವಣಿಗೆಯಲ್ಲಿ ಜನ ಮೆಚ್ಚುತ್ತಾರೆ ಎಂದರು. ಶಿಷ್ಯನಿಗೆ ಅದು ಸರಿಯೆನಿಸಲಿಲ್ಲ. ‘ಮೇಷ್ಟ್ರೇ, ನೀವಾದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದನು.

ನಾನು ಹೀಗೆ ಉತ್ತರಿಸಿದೆನು. ಸವೆದ ಬೇರಿಂಗನ್ನು ಬದಲಿಸಿದರೆ ಲಾರಿ ಓಡುತ್ತದೆ. ಅದು ಯಂತ್ರಕ್ಕೆ ಮಾಡುವ ಉಪಕಾರ. ಆದರೆ ಬಣ್ಣವು ಯಂತ್ರದ ಭಾಗವಲ್ಲ, ಹೇಳಿಕೆ. ಇಲ್ಲದ ಗುರುತನ್ನು ಬರೆದರೆ ಕೂಟಶಾಸನ ಕೆತ್ತಿದಂತೆ. ಅದಕ್ಕಿಂತ ಮುಖ್ಯವಾಗಿ, ಆ ಒಂದು ಗುರುತಿನಿಂದ ಲಾರಿಯನ್ನು ನಡೆಸಿದವರು ಮತ್ತೊಮ್ಮೆ ಬದಲಾಗಿಬಿಡುತ್ತಾರೆ. ಆ ಹೆಸರಾಂತ ಡಿವಿಷನ್ನಿನ ಹೆಸರು ಹೊತ್ತ ಲಾರಿಯನ್ನು ನೋಡಿದ ಮಗುವಿನ ಕಣ್ಣಿಗೆ ಕಾಣುವ ಚಾಲಕ ಬೇರೆ, ಬಹುಶಃ ಅಂದು ಅದರ ಚಕ್ರ ಹಿಡಿದಿದ್ದವನು ಬೇರೆ. ದೊರೆತ ಅಂಕಿಗಳನ್ನು ದೊರೆತಷ್ಟೇ ಉಳಿಸಿ. ಬಂಪರನ್ನು ಖಾಲಿ ಬಿಡಿ. ಉಜ್ಜಿದ ಜಾಗದಲ್ಲಿ ಅಂಗೈಯಗಲ ಭಾಗವನ್ನು ಬಣ್ಣ ಬಳಿಯದೆ, ಎಲ್ಲ ಪದರಗಳೂ ಕಾಣುವಂತೆ ಬಿಟ್ಟು, ಮೇಲೆ ಪಾರದರ್ಶಕ ಲೇಪ ಹಚ್ಚಿ. ‘ಬಂಪರು ಏಕೆ ಖಾಲಿ?’ ಎಂದು ಯಾರಾದರೂ ಕೇಳಿದರೆ, ಆ ಲಾರಿಗಳನ್ನು ನಡೆಸಿದವರ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರೊಂದಿಲ್ಲ.

ಎರಡು ವಾರಗಳ ಚರ್ಚೆಯ ಅನಂತರ ತಂಡದವರು ನಕ್ಷತ್ರವನ್ನು ಬರೆದರು, ಬಂಪರನ್ನು ಖಾಲಿ ಬಿಟ್ಟರು. ಅಂಗೈಯಗಲದ ಜಾಗವೂ ಉಳಿಯಿತು. ಒಬ್ಬ ಸದಸ್ಯನು ಅಸಮಾಧಾನಗೊಂಡು ತಂಡವನ್ನೇ ತೊರೆದನೆಂದು ತಿಳಿದು ನನಗೆ ಖೇದವಾಯಿತು. ಆದರೂ ಆ ತೀರ್ಮಾನ ಸರಿಯಾದುದೆಂದೇ ನನ್ನ ನಂಬಿಕೆ.

ನಮ್ಮ ನಾಡಿನ ವೀರಗಲ್ಲುಗಳನ್ನು ನೆನೆಯಿರಿ. ಅರಸರ ಪ್ರಶಸ್ತಿಗಳಿಗೆ ದೊಡ್ಡ ಶಾಸನಗಳಿವೆ. ಆದರೆ ಊರಿನ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ತುರುಗಾಳಗದಲ್ಲಿ ಮಡಿದ ಸಾಮಾನ್ಯನಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು, ಎಷ್ಟೋ ಕಡೆ ಅವನ ಹೆಸರನ್ನೂ ಕೆತ್ತಿಸಿದರು. ಆ ವಿವೇಕ ದೊಡ್ಡದು. ಲಾರಿ ನಡೆಸಿದವನಿಗೆ, ರಸ್ತೆ ಕಡಿದವನಿಗೆ ಅಂತಹ ಕಲ್ಲು ದೊರೆಯುವುದು ಅಪರೂಪ. ಅವನ ಕೈ ಸವೆಸಿದ ಹಲ್ಲುಗಾಲಿಯೇ ಅವನ ಕಲ್ಲು.

ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿ ಮತ್ತು ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ನಿಮ್ಮ ಊರುಗಳಲ್ಲಿ ಹಳೆಯ ಆಲೆಮನೆಯ ಎಂಜಿನ್ನೋ, ಎಣ್ಣೆಯ ಗಾಣವೋ, ಅಕ್ಕಿ ಗಿರಣಿಯೋ, ಹಿತ್ತಲಲ್ಲಿ ಬಿದ್ದ ಲಾರಿಯೋ ಇರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು, ಅಥವಾ ಹೊಸ ಬಣ್ಣ ಬಳಿಯುವ ಮೊದಲು, ಇದ್ದಂತೆಯೇ ನಾಲ್ಕಾರು ಚಿತ್ರಗಳನ್ನು ತೆಗೆಯಿರಿ. ತಗಡಿನ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಅದನ್ನು ಯಾರು ನಡೆಸುತ್ತಿದ್ದರು, ಅವರ ಹೆಸರೇನು, ಯಾವ ಊರಿನವರು ಎಂದು ಕೇಳಿ ಬರೆದಿಡಿ. ಹೇಳಬಲ್ಲವರು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ. ನೀವು ಬರೆದದ್ದನ್ನು ನನಗೂ ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ.